ದುಡಿದು ಬಾಳುವ ಕುಟುಂಬಕ್ಕೆ ರಾಜ್ಯದ ಋಣ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರಿದವರೆಲ್ಲರೂ ಗೊಮ್ಮಟೇಶ್ವರನಿಗೆ ಎದುರಾಗಿ ನಿಂತಿರುವ ಗುಳ್ಳಕಾಯಜ್ಜಿಯ ವಿಗ್ರಹವನ್ನು ಕಂಡಿರುತ್ತಾರೆ. ಚಾವುಂಡರಾಯನು ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಪೂರ್ಣವಾಗಲಿಲ್ಲವೆಂದೂ, ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ತುಸು ಹಾಲಿನಿಂದ ಅದು ಪೂರ್ಣಗೊಂಡಿತೆಂದೂ ಐತಿಹ್ಯವಿದೆ. ಯೆರುಸಲೇಮಿನ ಮಹಾದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಪುಡಿಗಾಸು ಹಾಕಿದ ಬಡ ವಿಧವೆಯನ್ನು ಪ್ರಭು ಯೇಸು ತಮ್ಮ ಶಿಷ್ಯರಿಗೆ ತೋರಿಸಿಕೊಟ್ಟ ಪ್ರಸಂಗವನ್ನು ನಾವು ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಓದುತ್ತೇವೆ. ಬೇರೆ ಬೇರೆ ಧರ್ಮಗಳ ಈ ಎರಡು ಕಥೆಗಳಲ್ಲಿಯೂ ಒಂದು ಮಾತು ಸಮಾನವಾಗಿದೆ. ಬಡವರು ಕೊಡುವುದು ಅಲ್ಪವಾಗಿ ಕಂಡರೂ ಅವರ ಪಾಲಿಗೆ ಅದು ಅಲ್ಪವಲ್ಲ.

ರಾಜ್ಯದ ಬೊಕ್ಕಸದ ವಿಷಯದಲ್ಲಿಯೂ ಈ ಮಾತು ನಿಜವೇ ಆಗಿದೆ. "ಬಡವರೆಲ್ಲಿ ತೆರಿಗೆ ಕಟ್ಟುತ್ತಾರೆ? ನಮ್ಮ ತೆರಿಗೆಯ ಹಣವನ್ನು ಅವರಿಗೆ ಹಂಚುತ್ತಾರೆ" ಎಂಬ ಮಾತು ಈಚಿನ ವರ್ಷಗಳಲ್ಲಿ ನಮ್ಮ ಬಸ್ಸುಗಳಲ್ಲಿ, ಮದುವೆ ಮನೆಗಳಲ್ಲಿ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿಯೂ ಕೇಳಿಬರುತ್ತಿದೆ. ಇದನ್ನು ಸ್ವಲ್ಪ ಪರಿಶೀಲಿಸಿ ನೋಡುವುದು ಒಳ್ಳೆಯದು. ಬೆಟ್ಟದ ಮೇಲಕ್ಕೆ ವೃದ್ಧರನ್ನು ಡೋಲಿಯಲ್ಲಿ ಹೊರುವವರು, ಚನ್ನರಾಯಪಟ್ಟಣದ ಸುತ್ತಮುತ್ತ ತೆಂಗಿನ ತೋಟಗಳಲ್ಲಿ ಕಾಯಿ ಸುಲಿಯುವವರು, ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿಯುವವರು, ಹಾಸನದ ಜವಳಿ ಘಟಕಗಳಿಗೆ ಹೋಗಿಬರುವ ಹೆಣ್ಣುಮಕ್ಕಳು, ಇವರಲ್ಲಿ ಬಹುಪಾಲು ಜನ ಆದಾಯ ತೆರಿಗೆಯ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಅವರು ಕೊಳ್ಳುವ ಸೋಪು, ಹಲ್ಲುಪುಡಿ, ತಲೆಗೆಣ್ಣೆಗಳ ಬೆಲೆಯಲ್ಲಿ ಸರಕು ಮತ್ತು ಸೇವಾ ತೆರಿಗೆ ಸೇರಿಕೊಂಡಿದೆ. ಈ ದಿನಬಳಕೆಯ ವಸ್ತುಗಳಲ್ಲಿ ಹಲವಕ್ಕೆ 2025ರ ಸೆಪ್ಟೆಂಬರ್ 22ರವರೆಗೆ ನೂರಕ್ಕೆ 18ರ ತೆರಿಗೆಯಿದ್ದು, ಅಂದಿನಿಂದ ಅದು 5ಕ್ಕೆ ಇಳಿಯಿತು. ಮೊಬೈಲ್ ಫೋನಿಗೆ ಹಾಕಿಸುವ ಹಣದ ಮೇಲೆ ನೂರಕ್ಕೆ 18ರ ತೆರಿಗೆಯಿದೆ. ಸಂತೆಗೆ ತರಕಾರಿ ತರುವ ಗೂಡ್ಸ್ ಗಾಡಿಯ ಬಾಡಿಗೆಯಲ್ಲಿ ಡೀಸೆಲ್ಲಿನ ಮೇಲಿನ ಮಾರಾಟ ತೆರಿಗೆ ಅಡಗಿದೆ. ಸಿರಿವಂತನು ತನ್ನ ಆದಾಯದ ಒಂದು ಭಾಗವನ್ನು ಉಳಿತಾಯ ಮಾಡುತ್ತಾನೆ. ಉಳಿಸಿದ್ದಕ್ಕೆ ಈ ತೆರಿಗೆ ತಗಲುವುದಿಲ್ಲ. ಬಡವನು ಬಂದದ್ದನ್ನೆಲ್ಲ ಖರ್ಚು ಮಾಡಲೇಬೇಕು. ಆದ್ದರಿಂದ ವಸ್ತುವಿನ ಮೇಲಿನ ತೆರಿಗೆಯ ಭಾರ ಅವನ ಆದಾಯಕ್ಕೆ ಹೋಲಿಸಿದಾಗ ಹೆಚ್ಚೇ ಆಗಿರುತ್ತದೆ.

ಹಾಗಾದರೆ ದುಡಿಯುತ್ತಿದ್ದರೂ ಸಾಲದೆ ಬಾಳುತ್ತಿರುವ ಕುಟುಂಬಗಳಿಗೆ, ಅವರು ಕೊಟ್ಟ ತೆರಿಗೆಯ ಒಂದು ಪಾಲನ್ನು ರಾಜ್ಯವು ಮರಳಿ ಕೊಡಬೇಕೆ? ಕೊಡುವುದಾದರೆ ಯಾವ ರೀತಿಯಲ್ಲಿ? ಇಂದಿನ ನಮ್ಮ ವಿಚಾರ ಇದೇ ಆಗಿದೆ.

ಬೇರೆ ದೇಶದ ಒಂದು ಮಾದರಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1975ರಲ್ಲಿ, ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾಗಿದ್ದಾಗ, ಕಡಿಮೆ ಆದಾಯದ ದುಡಿಯುವ ಕುಟುಂಬಗಳಿಗಾಗಿ ಒಂದು ತೆರಿಗೆ ಜಮೆ ಪದ್ಧತಿ ಜಾರಿಗೆ ಬಂದಿತು. ಮಕ್ಕಳಿರುವ ಕುಟುಂಬವು ದುಡಿದು ಗಳಿಸಿದ ಮೊದಲ 4,000 ಡಾಲರಿಗೆ ನೂರಕ್ಕೆ ಹತ್ತರಂತೆ, ಎಂದರೆ ಹೆಚ್ಚೆಂದರೆ 400 ಡಾಲರುಗಳನ್ನು, ಸರ್ಕಾರ ಆ ಕುಟುಂಬದ ಹೆಸರಿಗೆ ಜಮೆ ಮಾಡುತ್ತಿತ್ತು. ತೆರಿಗೆಯ ಬಾಕಿ ಇದ್ದರೆ ಅದರಲ್ಲಿ ಕಳೆಯುತ್ತಿತ್ತು. ಬಾಕಿಯೇ ಇಲ್ಲದಿದ್ದರೆ ಹಣವನ್ನೇ ಕೈಗೆ ಕೊಡುತ್ತಿತ್ತು. ಆದಾಯ 4,000 ಡಾಲರ್ ದಾಟಿದ ಮೇಲೆ ಈ ನೆರವು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತ 8,000 ಡಾಲರಿಗೆ ಮುಗಿದುಹೋಗುತ್ತಿತ್ತು. ಆ ಮೊತ್ತಗಳು ಮುಂದೆ ಬಹಳವಾಗಿ ಏರಿದವು. ಕೇಂದ್ರದ ಈ ಪದ್ಧತಿಗೆ ಪೂರಕವಾಗಿ 30ಕ್ಕೂ ಹೆಚ್ಚು ರಾಜ್ಯಗಳು ತಮ್ಮ ತಮ್ಮ ಜಮೆಗಳನ್ನು ಸೇರಿಸಿವೆ. ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೂ ಈ ಪದ್ಧತಿಯನ್ನು ಬೆಂಬಲಿಸುತ್ತ ಬಂದಿದೆ.

ಈ ಮಾದರಿಯಲ್ಲಿ ಗಮನಿಸಬೇಕಾದ ಮೂರು ಅಂಶಗಳಿವೆ. ದುಡಿಮೆಗೆ ಅಲ್ಲಿ ಗೌರವವಿದೆ. ತೆರಿಗೆ ಕಟ್ಟದಷ್ಟು ಬಡವನಿಗೂ ಹಣ ತಲಪುತ್ತದೆ. ಆದಾಯ ಏರಿದಂತೆ ನೆರವು ಒಮ್ಮೆಗೇ ಕಡಿದುಹೋಗದೆ ಇಳಿಜಾರಿನಂತೆ ನಿಧಾನವಾಗಿ ಇಳಿಯುತ್ತದೆ. ಈ ಮೂರನೆಯ ಅಂಶವನ್ನು ಓದುಗ ಬಂಧುಗಳು ವಿಶೇಷವಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಕರ್ನಾಟಕವು ಇದನ್ನು ಹಾಗೆಯೇ ಅನುಸರಿಸಲು ಸಾಧ್ಯವಿಲ್ಲ. ನಮ್ಮ ಸಂವಿಧಾನದ ಪ್ರಕಾರ ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರದ ಅಧಿಕಾರಕ್ಕೆ ಸೇರಿದೆ. ದುಡಿಯುವವನ ಸಂಬಳದ ಮೇಲೆ ರಾಜ್ಯವು ನೇರವಾಗಿ ವಿಧಿಸಬಹುದಾದದ್ದು ವೃತ್ತಿ ತೆರಿಗೆಯೊಂದೇ. ಅದಕ್ಕೂ 276ನೇ ವಿಧಿಯು ವರ್ಷಕ್ಕೆ 2,500 ರೂಪಾಯಿಗಳ ಮಿತಿ ಹಾಕಿದೆ. 2023ರ ಏಪ್ರಿಲ್‌ನಿಂದ ರಾಜ್ಯವು ವೃತ್ತಿ ತೆರಿಗೆಯ ಕೆಳಮಿತಿಯನ್ನು ತಿಂಗಳಿಗೆ 15,000ದಿಂದ 25,000 ರೂಪಾಯಿಗೆ ಏರಿಸಿದ್ದು ಸ್ವಾಗತಾರ್ಹ ಕ್ರಮ. ಆದರೆ ಇದರಿಂದ 12,000 ರೂಪಾಯಿ ಸಂಬಳದ ಹೆಣ್ಣುಮಗಳಿಗೆ ಬಂದ ಲಾಭವೇನು? ಅವಳು ಮೊದಲೂ ಈ ತೆರಿಗೆ ಕಟ್ಟುತ್ತಿರಲಿಲ್ಲ, ಈಗಲೂ ಕಟ್ಟುವುದಿಲ್ಲ. ತೆರಿಗೆಯ ವಿನಾಯಿತಿ ತೆರಿಗೆ ಕಟ್ಟುವವನಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಕಡುಬಡವರಿಗೆ ಉಪಯೋಗವಾಗಬೇಕಾದರೆ ಹಣವೇ ಕೈ ಸೇರಬೇಕು.

ನಮ್ಮಲ್ಲಿರುವ ಪದ್ಧತಿ

ಹಣವನ್ನೇ ಕೈಗೆ ಕೊಡುವ ದೊಡ್ಡ ಪದ್ಧತಿಯೊಂದು ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯಡಿ, ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿಯೆಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಸಲ್ಲುತ್ತದೆ. ಒಂದು ಕೋಟಿಗೂ ಹೆಚ್ಚು ಮಹಿಳೆಯರು ಇದರ ಫಲಾನುಭವಿಗಳು. 2025-26ರ ಆಯವ್ಯಯದಲ್ಲಿ ಇದಕ್ಕೆ 28 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಮೀಸಲಿಡಲಾಯಿತು. ಇದನ್ನು ಯಾರೂ ತೆರಿಗೆ ಜಮೆಯೆಂದು ಕರೆದಿಲ್ಲ. ಆದರೂ ಅಂಗಡಿಯ ಬೆಲೆಯಲ್ಲಿ ಬಡ ಕುಟುಂಬ ಕೊಟ್ಟ ತೆರಿಗೆಯ ಪಾಲೊಂದು ಅದೇ ಕುಟುಂಬದ ತಾಯಿಯ ಕೈಗೆ ಮರಳುತ್ತದೆ ಎಂಬ ದೃಷ್ಟಿಯಿಂದ ನೋಡಿದರೆ, ಇದು ಆ ಜಾತಿಯದ್ದೇ ಎನ್ನಬಹುದಾಗಿದೆ. ರಾಜಕೀಯವಾಗಿ ಈ ಯೋಜನೆಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ಈ ಅಂಕಣದ ಉದ್ದೇಶವಲ್ಲ. ಇದರಲ್ಲಿರುವ ಒಂದು ನಿಯಮದ ಕಡೆಗೆ ಓದುಗರ ಗಮನ ಸೆಳೆಯುವುದು ನಮ್ಮ ಉದ್ದೇಶ.

ಯಜಮಾನಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಪಾವತಿಸುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ, ಈ ನೆರವು ದೊರೆಯದು ಎಂಬುದೇ ಆ ನಿಯಮ. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಉಳ್ಳವರಿಗೆ ಬೇಡ, ಇಲ್ಲದವರಿಗೆ ಇರಲಿ ಎಂಬುದು ಅದರ ಹಿಂದಿನ ಭಾವನೆ. ಆದರೆ ಲೆಕ್ಕ ಹಾಕಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಯಾತ್ರಿಕರು ಬಂದುಹೋಗುವ ಊರಿನಲ್ಲಿ ಗಂಡಹೆಂಡತಿ ಸೇರಿ ನಡೆಸುವ ಒಂದು ಸಣ್ಣ ತಿಂಡಿ ಹೋಟೆಲನ್ನು ಊಹಿಸಿಕೊಳ್ಳೋಣ. ದಿನವೊಂದಕ್ಕೆ 5,500 ರೂಪಾಯಿ ವ್ಯಾಪಾರವಾದರೆ ವರ್ಷಕ್ಕೆ 20 ಲಕ್ಷ ದಾಟುತ್ತದೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ; ಬರೀ ಸರಕು ಮಾರುವವರಿಗೆ 40 ಲಕ್ಷ. ಹೋಟೆಲು ಸೇವೆಯ ಲೆಕ್ಕಕ್ಕೆ ಬರುವುದರಿಂದ ಈ ದಂಪತಿ ನೋಂದಣಿ ಮಾಡಿಸಲೇಬೇಕು. ಅಕ್ಕಿ, ಬೇಳೆ, ಎಣ್ಣೆ, ಗ್ಯಾಸು, ಬಾಡಿಗೆ, ಒಬ್ಬ ಸಹಾಯಕನ ಕೂಲಿ ಎಲ್ಲ ಕಳೆದು ನೂರಕ್ಕೆ 15 ರೂಪಾಯಿ ಉಳಿಯುತ್ತದೆಂದು ಇಟ್ಟುಕೊಂಡರೆ, ವರ್ಷಕ್ಕೆ ಕೈಯಲ್ಲಿ ನಿಲ್ಲುವುದು ಸುಮಾರು 3 ಲಕ್ಷ, ಎಂದರೆ ಇಬ್ಬರ ದುಡಿಮೆಗೆ ತಿಂಗಳಿಗೆ 25,000. ಸಣ್ಣ ಹೋಟೆಲುಗಳಿಗಿರುವ ಕಾಂಪೋಸಿಷನ್ ಪದ್ಧತಿಯನ್ನು ಆರಿಸಿಕೊಂಡರೆ ಒಟ್ಟು ವ್ಯಾಪಾರದ ಮೇಲೆ ನೂರಕ್ಕೆ 5ರಂತೆ ಒಂದು ಲಕ್ಷ ರೂಪಾಯಿ ತೆರಿಗೆ ಕಟ್ಟಬೇಕು. ಅದನ್ನು ಗಿರಾಕಿಯ ಬಿಲ್ಲಿನಲ್ಲಿ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಅದರ ಮೇಲೆ ರಿಟರ್ನ್ಸ್ ಸಲ್ಲಿಸಿದ ಕಾರಣಕ್ಕೆ ಗೃಹಲಕ್ಷ್ಮಿಯ 24,000 ರೂಪಾಯಿಯೂ ಹೋಗುತ್ತದೆ.

ಇನ್ನೊಂದು ಮನೆಯನ್ನು ನೋಡೋಣ. ಖಾಸಗಿ ಸಂಸ್ಥೆಯೊಂದರಲ್ಲಿ ತಿಂಗಳಿಗೆ 60,000 ರೂಪಾಯಿ ಸಂಬಳ ಪಡೆಯುವ ಗೃಹಸ್ಥನದು ಆ ಮನೆ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ದೊರೆಯುವುದರಿಂದ ಆತ ಆದಾಯ ತೆರಿಗೆ ಕಟ್ಟಬೇಕಾಗಿಲ್ಲ. ಜಿಎಸ್‌ಟಿಯ ಗೊಡವೆಯೂ ಆತನಿಗಿಲ್ಲ. ನಿಯಮದ ಅಕ್ಷರವನ್ನು ಹಿಡಿದು ಹೇಳುವುದಾದರೆ, ಪಡಿತರ ಚೀಟಿಯಿದ್ದಲ್ಲಿ ಆತನ ಪತ್ನಿ ನೆರವಿಗೆ ಅರ್ಹಳು. 25,000 ರೂಪಾಯಿಯಲ್ಲಿ ಬದುಕುವ ಹೋಟೆಲಿನ ಯಜಮಾನಿ ಅನರ್ಹಳು. ಮೊದಲನೆಯವಳಿಗೆ ಸಿಗುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಬಡತನವನ್ನು ಅಳೆಯಬೇಕಾದ ಕೋಲು ರಿಟರ್ನ್ಸ್ ಸಲ್ಲಿಸಿದರೋ ಇಲ್ಲವೋ ಎಂಬುದನ್ನು ಅಳೆಯುತ್ತಿದೆ ಎಂಬುದಷ್ಟೇ ನಮ್ಮ ಆಕ್ಷೇಪ.

2025ರ ಜುಲೈ ತಿಂಗಳ ಘಟನೆಗಳು ಈ ವಿಷಯದ ಗಾಂಭೀರ್ಯವನ್ನು ತೋರಿಸಿಕೊಟ್ಟವು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ಕಳುಹಿಸಿತು. ಟೀ ಅಂಗಡಿ, ಬೇಕರಿ, ಕಾಂಡಿಮೆಂಟ್ಸ್ ನಡೆಸುವವರು ಗಾಬರಿಗೊಂಡು ಫಲಕಗಳನ್ನು ಕಿತ್ತು, ನಗದು ಮಾತ್ರ ಎಂದು ಚೀಟಿ ಅಂಟಿಸಿದರು. ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರ ಜೊತೆ ಸಭೆ ನಡೆಸಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ಮುಂದೆ ನೋಂದಣಿ ಮಾಡಿಸಬೇಕು ಎಂದು ತಿಳಿಸಿದ ಮೇಲೆ ಪ್ರತಿಭಟನೆ ತಣ್ಣಗಾಯಿತು. ಬೆಂಗಳೂರಿನ ಬೇಕರಿಗಳಲ್ಲಿ ಎಷ್ಟೊಂದು ಹಾಸನ ಸೀಮೆಯವರ ಕೈಯಲ್ಲಿವೆ ಎಂಬುದನ್ನು ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಈ ಆತಂಕ ನಮ್ಮ ಜಿಲ್ಲೆಯ ಮನೆಮನೆಗಳಿಗೂ ತಲಪಿತು. ಲೆಕ್ಕಕ್ಕೆ ಬಾ ಎಂದು ಒಂದು ಕೈಯಲ್ಲಿ ಕರೆದು, ಲೆಕ್ಕಕ್ಕೆ ಬಂದದ್ದಕ್ಕೇ ನೆರವನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರೆ, ಪ್ರಾಮಾಣಿಕನಿಗೆ ರಾಜ್ಯವು ಕಲಿಸುವ ಪಾಠವೇನು? ಅಡಗಿಕೊಂಡಿರುವುದೇ ಲೇಸು ಎಂಬುದಲ್ಲವೆ?

ಧರ್ಮಸಭೆಯ ಬೋಧನೆ

ದುಡಿಮೆ ಮತ್ತು ಕುಟುಂಬದ ವಿಷಯದಲ್ಲಿ ಧರ್ಮಸಭೆಯು ನೂರಕ್ಕೂ ಹೆಚ್ಚು ವರ್ಷಗಳಿಂದ ಸ್ಪಷ್ಟವಾದ ಬೋಧನೆ ನೀಡುತ್ತ ಬಂದಿದೆ. ಜಗದ್ಗುರು 13ನೇ ಲಿಯೋರವರು 1891ರ ಮೇ 15ರಂದು ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪರಿಪತ್ರದಲ್ಲಿ, ಧಣಿಯೂ ಆಳೂ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ದುಡಿಯುವವನ ಜೀವನಕ್ಕೆ ಅದು ಸಾಲುವಂತಿರಬೇಕು ಎಂದು ಬೋಧಿಸಿದರು. 1931ರಲ್ಲಿ ಜಗದ್ಗುರು 11ನೇ ಪಿಯುಸ್‌ರವರು ಕೂಲಿಯು ಕುಟುಂಬದ ಪೋಷಣೆಗೂ ಸಾಲಬೇಕೆಂದರು. ಜಗದ್ಗುರು ಎರಡನೇ ಜಾನ್ ಪಾಲ್‌ರವರು 1981ರ 'ಲಬೋರೆಮ್ ಎಕ್ಸೆರ್ಚೆನ್ಸ್' ಪರಿಪತ್ರದಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಕುಟುಂಬಕ್ಕೆ ಸಾಲುವಷ್ಟು ಸಂಬಳ ಒಂದು ಮಾರ್ಗ. ಕುಟುಂಬ ಭತ್ಯೆ, ಮನೆಯಲ್ಲಿ ಮಕ್ಕಳ ಪಾಲನೆಗೆ ತನ್ನನ್ನು ತೆತ್ತುಕೊಂಡ ತಾಯಿಗೆ ಕೊಡುವ ಸಹಾಯಧನ ಮುಂತಾದ ಸಾಮಾಜಿಕ ಏರ್ಪಾಡುಗಳು ಇನ್ನೊಂದು ಮಾರ್ಗ ಎಂದು ಅವರು ವಿವರಿಸಿದರು. ತಾಯಿಯ ಮನೆಗೆಲಸವೂ ದುಡಿಮೆಯೇ ಎಂಬುದು ಅವರ ಬೋಧನೆಯ ಸಾರ. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು 14ನೇ ಲಿಯೋರವರು ಈ ಹೆಸರನ್ನು ಆರಿಸಿಕೊಳ್ಳುವಾಗ 13ನೇ ಲಿಯೋರವರ ಆ ಪರಿಪತ್ರವನ್ನೇ ಸ್ಮರಿಸಿದರು.

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿರುವ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನಾವು ಬಲ್ಲೆವು. ಸಂಜೆ ಒಂದೇ ಗಂಟೆ ದುಡಿದವನಿಗೂ ತೋಟದ ಒಡೆಯ ಇಡೀ ದಿನದ ಕೂಲಿ ಕೊಟ್ಟನು. ಆ ಸಾಮತಿ ಮೊದಲಿಗೆ ದೇವರ ಕೃಪೆಯನ್ನು ಕುರಿತದ್ದು ಎಂಬುದು ಸರಿ. ಆದರೆ ಆ ಮನುಷ್ಯನು ದಿನವೆಲ್ಲ ಸಂತೆಬೀದಿಯಲ್ಲಿ ನಿಂತದ್ದು ಸೋಮಾರಿತನದಿಂದಲ್ಲ, ಕರೆಯುವವರು ಇರಲಿಲ್ಲವಾದ್ದರಿಂದ ಎಂಬುದನ್ನು ಮರೆಯಬಾರದು. ಕಡಿಮೆ ಗಂಟೆ ದುಡಿದ ದಿನವೂ ಮನೆಯಲ್ಲಿ ಮಕ್ಕಳ ಹಸಿವು ಕಡಿಮೆಯಾಗುವುದಿಲ್ಲ.

ಎರಡು ಆಕ್ಷೇಪಗಳು

ಇಂತಹ ನೆರವು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆಂಬುದು ಮೊದಲನೆಯ ಆಕ್ಷೇಪ. ತಿಂಗಳಿಗೆ 2,000 ರೂಪಾಯಿ ಎಂದರೆ ದಿನಕ್ಕೆ 67 ರೂಪಾಯಿಗಿಂತ ಕಡಿಮೆ. ಅದನ್ನು ನಂಬಿ ದುಡಿಮೆ ಬಿಡುವ ತಾಯಿ ಎಲ್ಲಿದ್ದಾಳೆ? ಮಗುವಿನ ಶಾಲೆಯ ಖರ್ಚು, ಅತ್ತೆಯ ರಕ್ತದೊತ್ತಡದ ಮಾತ್ರೆ, ಸ್ವಸಹಾಯ ಸಂಘದ ಸಾಲದ ಕಂತು, ಇವುಗಳಿಗೆ ಅದು ಹೋಗುತ್ತದೆ. ಜನರನ್ನು ಕೈಕಟ್ಟಿ ಕೂರುವಂತೆ ಮಾಡುವ ಭಯವಿರುವುದು ನೆರವಿನಿಂದಲ್ಲ. ಸ್ವಲ್ಪ ಹೆಚ್ಚು ದುಡಿದೊಡನೆ ಇಡೀ ನೆರವು ಕಡಿದುಹೋಗುವ ನಿಯಮದಿಂದ. 20 ಲಕ್ಷ ದಾಟಬಾರದೆಂದು ಮಧ್ಯಾಹ್ನವೇ ಬಾಗಿಲು ಹಾಕುವ ಹೋಟೆಲು ಊರಿಗೂ ಉಪಯೋಗವಿಲ್ಲ, ರಾಜ್ಯಕ್ಕೂ ಉಪಯೋಗವಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದ್ದು. ಸರ್ಕಾರವೇ ಕೊರತೆ ತುಂಬಿಕೊಡುವುದಾದರೆ ಧಣಿಗಳು ಕೂಲಿ ಏರಿಸುವುದೇಕೆ? ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದ ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ 1795ರಲ್ಲಿ ರೊಟ್ಟಿಯ ಬೆಲೆಗೆ ತಕ್ಕಂತೆ ಕೂಲಿಯ ಕೊರತೆಯನ್ನು ಸ್ಥಳೀಯ ತೆರಿಗೆಯಿಂದ ತುಂಬಿಕೊಡುವ ಏರ್ಪಾಡಾಯಿತು. ಧಣಿಗಳು ಕೂಲಿ ತಗ್ಗಿಸಲು ಅದನ್ನೇ ನೆಪ ಮಾಡಿಕೊಂಡರೆಂಬ ದೂರು ಬಂದಿತು. 1834ರ ಕಾನೂನಿನಿಂದ ಅಂತಹ ಏರ್ಪಾಡುಗಳಿಗೆ ತೆರೆಬಿದ್ದಿತು. ಈ ಎಚ್ಚರಿಕೆಯನ್ನು ನಾವು ಮರೆಯಬಾರದು. ರಾಜ್ಯದ ನೆರವು ನ್ಯಾಯವಾದ ಕೂಲಿಗೆ ಪೂರಕವಾಗಬೇಕೇ ಹೊರತು ಅದರ ಬದಲಿಗೆ ಬರಬಾರದು. ಕನಿಷ್ಠ ಕೂಲಿಯ ಕಾನೂನು ಬಿಗಿಯಾಗಿರುವಲ್ಲಿ ಮಾತ್ರ ಈ ನೆರವು ದುಡಿಯುವವನ ಮನೆಗೆ ಪೂರ್ಣವಾಗಿ ತಲಪುತ್ತದೆ. ಕೂಲಿಯನ್ನು ಹೊತ್ತು ಮುಳುಗುವ ಮುನ್ನವೇ ಕೊಡಬೇಕೆಂಬ ಧರ್ಮೋಪದೇಶಕಾಂಡದ 24ನೇ ಅಧ್ಯಾಯದ ಆಜ್ಞೆ ಧಣಿಗೆ ಹೇಳಿದ್ದು. ಸರ್ಕಾರದ ಯಾವ ಯೋಜನೆಯೂ ಅವನನ್ನು ಅದರಿಂದ ಬಿಡಿಸಲಾರದು.

ಆಗಬೇಕಾದದ್ದೇನು?

ಮೊದಲನೆಯದಾಗಿ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸಿದ ಮಾತ್ರಕ್ಕೆ ಕುಟುಂಬವನ್ನು ಹೊರಗಿಡುವ ನಿಯಮ ಬದಲಾಗಬೇಕು. ವರ್ತಕನ ವಾರ್ಷಿಕ ವ್ಯಾಪಾರದ ಮೊತ್ತ ವಾಣಿಜ್ಯ ತೆರಿಗೆ ಇಲಾಖೆಯಲ್ಲಿಯೇ ಇದೆ; ಅದು ರಾಜ್ಯದ್ದೇ ಇಲಾಖೆ. 40 ಲಕ್ಷದವರೆಗೆ ಪೂರ್ಣ ನೆರವು, 60 ಲಕ್ಷದವರೆಗೆ ಅರ್ಧ, ಅದರಾಚೆ ಇಲ್ಲ ಎಂಬಂತಹ ಇಳಿಜಾರನ್ನು ರೂಪಿಸುವುದಕ್ಕೆ ಹೊಸ ಸಮೀಕ್ಷೆಯೇನೂ ಬೇಕಾಗಿಲ್ಲ. ಈ ಅಂಕಿಗಳು ಕೇವಲ ಸೂಚನೆಗಳು. ತಜ್ಞರು ಸರಿಯಾದ ಮಿತಿಯನ್ನು ಗೊತ್ತುಮಾಡಲಿ. ರಾಜ್ಯದ ಹಣಕಾಸಿನ ಮಿತಿಯೂ ನಮಗೆ ತಿಳಿದದ್ದೇ. ಆದ್ದರಿಂದಲೇ ಒಟ್ಟು ಮೊತ್ತವನ್ನು ಏರಿಸಿ ಎಂದು ನಾವು ಕೇಳುತ್ತಿಲ್ಲ, ನಿಜವಾದ ಆದಾಯವನ್ನು ನೋಡಿ ಹಂಚಿ ಎಂದು ಕೇಳುತ್ತಿದ್ದೇವೆ.

ಎರಡನೆಯದಾಗಿ, ತೆರಿಗೆ ಪಟ್ಟಿಯಲ್ಲಿ ಹೆಸರಿದೆಯೆಂದು ನೆರವು ನಿಲ್ಲಿಸುವ ಮೊದಲು ಆ ತಾಯಿಗೆ ಲಿಖಿತ ತಿಳಿವಳಿಕೆ ಕೊಡಬೇಕು. ತಕರಾರು ಹೇಳಿಕೊಳ್ಳಲು ಕಾಲಾವಕಾಶ ಇರಬೇಕು. ತೆರಿಗೆಯ ಗಂಧವೂ ಇಲ್ಲದವರು ತೆರಿಗೆದಾರರ ಪಟ್ಟಿಯಲ್ಲಿ ಸೇರಿ ಕಚೇರಿಗಳಿಗೆ ಅಲೆದ ವರದಿಗಳು ಪತ್ರಿಕೆಗಳಲ್ಲಿ ಬಂದಿವೆ. ಕೂಲಿ ಬಿಟ್ಟು ಕಚೇರಿಗೆ ಅಲೆದ ದಿನವೂ ಬಡವರಿಗೆ ಒಂದು ತೆರಿಗೆಯೇ.

ಮೂರನೆಯದಾಗಿ, ನೌಕರಿಗೆ ಸೇರಿದವರಿಗೆ ನೇರವಾಗಿ ಹಣ ಕೊಡುವ ಕೇಂದ್ರದ ಯೋಜನೆಯೊಂದು 2025ರ ಆಗಸ್ಟ್ 1ರಿಂದ ಇದೆ. ಮೊದಲ ಬಾರಿಗೆ ಭವಿಷ್ಯನಿಧಿಗೆ ಸೇರುವ ನೌಕರನಿಗೆ ಒಂದು ತಿಂಗಳ ಸಂಬಳದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತುಗಳಲ್ಲಿ ದೊರೆಯುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಯುವಕ ಯುವತಿಯರು ಇದನ್ನು ವಿಚಾರಿಸಿ ಪಡೆದುಕೊಳ್ಳಬೇಕು.

ಇವೆಲ್ಲ ಸರ್ಕಾರಗಳಿಗೆ ಸಂಬಂಧಿಸಿದ ಮಾತಾಯಿತು. ನಮ್ಮ ಹೊಣೆಯೂ ಇದೆ. ಹಾಸನ ಜಿಲ್ಲೆ ಸೇರಿರುವ ಚಿಕ್ಕಮಗಳೂರು ಧರ್ಮಕ್ಷೇತ್ರದಲ್ಲಿ ಕಾಫಿ ತೋಟದ ಒಡೆಯರೂ ಇದ್ದಾರೆ, ಅದೇ ತೋಟದಲ್ಲಿ ದುಡಿಯುವವರೂ ಇದ್ದಾರೆ. ಇಬ್ಬರೂ ಒಂದೇ ಪೀಠದ ಮುಂದೆ ಮೊಣಕಾಲೂರುತ್ತಾರೆ. ನಮ್ಮ ತೋಟಗಳಲ್ಲಿ, ನಮ್ಮ ಸಂಸ್ಥೆಗಳಲ್ಲಿ, ನಮ್ಮ ಮನೆಯ ಅಡುಗೆಕೋಣೆಯಲ್ಲಿ ದುಡಿಯುವವರಿಗೆ ನಾವು ಕೊಡುವ ಸಂಬಳ ಒಂದು ಕುಟುಂಬಕ್ಕೆ ಸಾಲುತ್ತದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳದೆ ಸರ್ಕಾರಕ್ಕೆ ಮಾತ್ರ ಉಪದೇಶ ಮಾಡುವುದು ಸರಿಯಲ್ಲ. ಪ್ರತಿ ಧರ್ಮಕೇಂದ್ರದಲ್ಲಿಯೂ ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಇದ್ದೇ ಇರುತ್ತಾರೆ. ಭಾನುವಾರದ ಬಲಿಪೂಜೆಯ ನಂತರ ಒಂದು ಗಂಟೆ ಅವರು ಮೇಜು ಹಾಕಿಕೊಂಡು ಕುಳಿತು, ಪಡಿತರ ಚೀಟಿ, ಆಧಾರ್, ಪ್ಯಾನ್, ಬ್ಯಾಂಕ್ ಖಾತೆಗಳಲ್ಲಿರುವ ಹೆಸರಿನ ವ್ಯತ್ಯಾಸಗಳನ್ನು ಪರಿಶೀಲಿಸಿ ಒಂದು ಅರ್ಜಿ ಬರೆದುಕೊಟ್ಟರೆ, ನಿಂತುಹೋದ ಎಷ್ಟೋ ನೆರವುಗಳು ಮತ್ತೆ ಹರಿದಾವು. ಈ ಸಹಾಯವನ್ನು ಜಾತಿ ಮತಗಳನ್ನು ನೋಡದೆ ನೆರೆಹೊರೆಯವರೆಲ್ಲರಿಗೂ ಕೊಡಬೇಕು.

ಪ್ರತಿವರ್ಷ ಮೇ 1ರಂದು ನಾವು ಶ್ರಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. 1955ರಲ್ಲಿ ಜಗದ್ಗುರು 12ನೇ ಪಿಯುಸ್‌ರವರು ಸ್ಥಾಪಿಸಿದ ಹಬ್ಬ ಅದು. ನಜರೇತಿನ ಆ ಬಡಗಿಯೂ ದುಡಿದೇ ಕುಟುಂಬ ಸಾಕಿದವರು. ಜನಗಣತಿಗೆ ಹೆಸರು ಬರೆಸೆಂದು ರಾಜಾಜ್ಞೆ ಬಂದಾಗ ತುಂಬು ಗರ್ಭಿಣಿಯಾದ ಮಡದಿಯೊಡನೆ ಬೆತ್ಲೆಹೇಮಿಗೆ ನಡೆದವರು. ರಾಜ್ಯದ ಲೆಕ್ಕಕ್ಕೆ ಪ್ರಾಮಾಣಿಕವಾಗಿ ಹೆಸರು ಬರೆಸುವ ಬಡ ದುಡಿಮೆಗಾರನಿಗೆ ಆ ಪ್ರಾಮಾಣಿಕತೆಯೇ ಶಿಕ್ಷೆಯಾಗದಂತೆ ನೋಡಿಕೊಳ್ಳುವುದು ರಾಜ್ಯದ ಕರ್ತವ್ಯ. ಮುಂದಿನ ಆಯವ್ಯಯಕ್ಕೆ ಮೊದಲೇ ನಮ್ಮ ಶಾಸಕರಿಗೆ ಈ ಮಾತನ್ನು ಒಂದು ಪತ್ರದ ಮೂಲಕ ತಿಳಿಸುವುದು ನಮ್ಮೆಲ್ಲರ ಕರ್ತವ್ಯ.